ಓದಲು ಮಾತ್ರ

ಅಕ್ಕನ ಹಳೆಯ ಪತ್ರದ ಫೈಲಿನ ಕೊನೆಗೆ, ತಂಗಿಯ ಕಣ್ಣೆದುರೇ ಹೊಸ ಸಾಲೊಂದು ಮೂಡಿತು: ‘ಯಾಕೇ, ಇನ್ನೂ ಉಂಡಿಲ್ವಾ?’ ಅಕ್ಕ ತೀರಿಕೊಂಡು ವರ್ಷವಾಗಿತ್ತು.

ತಂಗಿ ಗಾಬರಿಯಿಂದ ಸಹೋದ್ಯೋಗಿಗೆ ಫೋನ್ ಮಾಡಿದಳು. “ಅಕ್ಕನ ಪತ್ರಗಳನ್ನ ಗಟ್ಟಿಯಾಗಿ ಓದಿ ಹೇಳೋಕೆ ಕಂಪ್ಯೂಟರಲ್ಲೇ ಬೇರೆಯಾಗಿ ಬೇಲಿ ಹಾಕಿದ ಕಂಟೇನರ್‌ನಲ್ಲಿ ಒಂದು ಆ್ಯಪ್ ಹಾಕಿದ್ದೆ ಕಣೋ. ಅದು ಪತ್ರದೊಳಗೇ ಬರೀತಿದೆ! ನೆಟ್ ಕಿತ್ತಿಟ್ರೂ ಬರೀತಿದೆ!”

“ಪತ್ರಗಳ ಫೋಲ್ಡರನ್ನ ಅದಕ್ಕೆ ಹೇಗೆ ಹಂಚಿದೀಯ?”

“ಓದೋಕೆ ಮಾತ್ರ.”

ಅವನು ನಕ್ಕ. “ಮತ್ತೆ? ಕಂಟೇನರ್ ಒಳಗಿಂದ ತಿಪ್ಪರಲಾಗ ಹಾಕಿದ್ರೂ ಒಂದಕ್ಷರ ಬರೆಯೋಕಾಗಲ್ಲ, ಹುಚ್ಚಿ. ಯಾರೋ ನಿನ್ನ ಮಷೀನ್ ಮುಂದೆ ಕೂತೇ ಬರೆದಿರ್ಬೇಕು.”

ಮನೆಯಲ್ಲಿದ್ದವಳು ಅವಳೊಬ್ಬಳೇ. ಫೋನ್ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಳು. ಕೀಬೋರ್ಡಿನ ಗುಂಡಿಗಳು ಒಂದೊಂದಾಗಿ ತಾವೇ ಕೆಳಗಿಳಿದವು:

‘ಕೈ ತೊಳ್ಕೊಂಡು ಬಾ, ಬಡಿಸ್ತೀನಿ.’