ದೊರೆಸಾನಿಯ ಕಂಬ

ದೊರೆಸಾನಿ ಇವತ್ತೂ ಮಾತಾಡಲಿಲ್ಲ.

ಲಕ್ಷ್ಮಕ್ಕ ಕಂಬಕ್ಕೆ ಮುಖವಿಟ್ಟು ಮತ್ತೆ ಪಿಸುಗುಟ್ಟಿದಳು. "ಇನ್ನೇನು ಆಟೋ ಬತ್ತೈತೆ ತಾಯಿ. ಅತ್ತೇನ ಕಲ್ಯಾಣದುರ್ಗಕ್ಕೆ, ಅವಳ ಮಗಳ ಮನೆಗೆ ಕಳಿಸ್ಬುಡ್ಲಾ? ಒಂದು ಮಾತು ಹೇಳು."

ಕಲ್ಲು ತಣ್ಣಗಿತ್ತು. ಮೇಲೆ, ಎರಡು ಕಂಬಗಳಿಂದೆದ್ದು ಚೂಪಾಗಿ ಕೂಡುವ ಕಮಾನಿನ ಕತ್ತಲಲ್ಲಿ ಪಾರಿವಾಳವೊಂದು ಮಿಸುಕಿತು.

ನೂರು ವರ್ಷದ ಹಿಂದೆ, ಸೆಟ್ಟೂರಿನಾಚೆಯ ಈ ಚರ್ಚನ್ನು ಕಟ್ಟಿಸುವಾಗ ಬಿಳಿ ಪಾದ್ರಿಯ ಹೆಂಡತಿ, ಊರವರ ದೊರೆಸಾನಿ, ತೀರಿಕೊಂಡಳಂತೆ. ಅವಳಿನ್ನೂ ಇಲ್ಲೇ ಇದ್ದಾಳೆಂದು ಊರು ನಂಬಿತ್ತು. ಹೊಟ್ಟೆಯಲ್ಲಿದ್ದ ಕೂಸು ಹೋದಾಗ ಲಕ್ಷ್ಮಕ್ಕ ಯಾರಿಗೂ ಕಾಣದಂತೆ ಅಳಲು ಇಲ್ಲಿಗೆ ಬಂದಿದ್ದಳು. ಕಲ್ಲಿನೊಳಗಿಂದ ಉಸಿರಿನಂಥ ದನಿ ಬಂದಿತ್ತು: "ಅಳಬ್ಯಾಡ ಕಣಮ್ಮ."

ಇಪ್ಪತ್ತು ವರ್ಷ ಅಂಜುತ್ತಲೇ ಬಂದಳು, ಹಗುರಾಗಿ ಹೋದಳು. ಅತ್ತೆಯ ಮೇಲೆ ದೂರು ಹೇಳಿದರೆ, "ಆ ಮುದಿಮುಂಡೆ ಬುದ್ಧೀನೇ ಹಂಗೆ. ನೀನು ಹೋಗಿ ಉಣ್ಣು" ಎನ್ನುತ್ತಿತ್ತು ದನಿ. ಬೇಸಿಗೆಯಿಂದೀಚೆಗೆ ಅದೂ ಇಲ್ಲ. ದೂರು ಹೆಚ್ಚಾಗಿ ಮುನಿದಿರಬೇಕು.

ಮನೆಯಲ್ಲಂತೂ ಮಾತೇ ಇರಲಿಲ್ಲ. ಮದುವೆಯ ವರ್ಷವೇ ಜಗಳವಾಗಿ ಅತ್ತೆ ಮುನೆಮ್ಮ, "ಇವಳ ಮಕ ನೋಡಿ ಮಾತಾಡಿದ್ರೆ ನನ್ ನಾಲಿಗೆ ಬಿದ್ಹೋಗ್ಲಿ" ಎಂದು ಮಾರಮ್ಮನ ಮುಂದೆ ಆಣೆಯಿಟ್ಟಿದ್ದಳು. ತಪ್ಪಲಿಲ್ಲ. ಎಲೆ ಹಾಕಿಕೊಂಡು ಸುಣ್ಣದ ಬೆರಳನ್ನು ಕೂತಲ್ಲೇ ಗೋಡೆಗೆ ಒರೆಸುವಳು; ತೊಳೆಯುವವಳು ಸೊಸೆ. ಬೇಸಿಗೆಯಲ್ಲಿ ಲಕ್ವ ಹೊಡೆದು ಮಂಚ ಹಿಡಿದಿದ್ದಾಳೆ. ಬಾಯಿ ಸೊಟ್ಟಗಾಗಿ ಮಾತು ಹೋಗಿದೆ.

"ಅಕ್ಕಾ, ದೊರೆಸಾನಿಗೆ ನಮ್ಮ ಕನ್ನಡ ಯಾರ್ ಕಲ್ಸಿದ್ರು?"

ಲಕ್ಷ್ಮಕ್ಕ ಬೆಚ್ಚಿದಳು. ಎದುರು ಕಂಬದ ಹಿಂದಿನಿಂದ ನಗುತ್ತ ಎದ್ದು ಬಂದವಳು ತನುಜಾ, ಚರ್ಚಿನ ಅಳತೆ ತೆಗೆಯಲು ಹಿಂದೂಪುರದಿಂದ ಬಂದಿದ್ದ ಹುಡುಗಿ.

"ನಿಂಗೆ ಹೆಂಗ್ ಕೇಳುಸ್ತು?"

"ಕಮಾನಿನ ಉದ್ದಕ್ಕೂ ಕಾಲುವೆಯಂಗೆ ಕೊರೆದವ್ರೆ ನೋಡಿ. ಪಿಸುಮಾತು ಅದರಾಗೇ ಹತ್ತಿ, ಆ ಕಡೆ ಇಳೀತದೆ. ಅಲ್ಲಿ ಕೂತೋರಿಗೆ ಕಿವ್ಯಾಗೇ ಹೇಳ್ದಂಗೆ. ಅವರು ಅಂದಿದ್ದು ನಿಮಗೂ ಹಂಗೇ."

ಬಾಗಿಲಲ್ಲಿ ಆಟೋದ ಅಂಜಿ ಕೂಗಿದ. "ಏಮಕ್ಕಾ, ಮುದುಕೀನ ಹತ್ತುಸ್ಲಾ?"

ಲಕ್ಷ್ಮಕ್ಕ ಎಂದೂ ದಾಟದ ನಡುಜಾಗವನ್ನು ದಾಟಿ ಎದುರು ಕಂಬದ ಹಿಂದಕ್ಕೆ ಹೋದಳು.

ಅಲ್ಲಿ, ನೆಲಕ್ಕೆ ಕೂತವರ ಕೈಗೆಟುಕುವ ಎತ್ತರದಲ್ಲಿ, ಸುಣ್ಣ ಒರೆಸಿದ ಬೆರಳ ಗುರುತುಗಳಿದ್ದವು; ಒಂದರ ಮೇಲೊಂದು, ಇಪ್ಪತ್ತು ವರ್ಷದಷ್ಟು ದಪ್ಪ.