ಮತ್ತೆ ಮತ್ತೆ ಶುರುವಾಗುತ್ತಿದ್ದ ಕಂಪ್ಯೂಟರ್

ತೀರಿದವರಿಗಾಗಿ ಮಾಡುವ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಅದು ಆ ಮನೆಯ ಮೊದಲ ಮಾಮೂಲಿ ಬೆಳಗು...

ಹಾಲು ತರುವವರು ಯಾರೆಂದು ಯಾರಿಗೂ ಹೊಳೆಯಲಿಲ್ಲ. ಸುವರ್ಣಾ ಕರಿ ಚಹಾ ಮಾಡಿದಳು. ಅತ್ತೆ ಅದನ್ನೇ ಕುಡಿದರು.

ಅವಳ ಗಂಡ ಚನ್ನವೀರ ಧಾರವಾಡದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಪಿಎಚ್‌ಡಿ ಮಾಡುವವರ ಥೀಸಿಸ್ ಟೈಪ್ ಮಾಡಿಕೊಡುತ್ತಿದ್ದ. ಹನ್ನೆರಡು ದಿನದ ಹಿಂದೆ ಹಾಲು ತರಲು ಹೋದವನು ದಾರಿಯಲ್ಲೇ ಎದೆ ಹಿಡಿದು ಕುಸಿದಿದ್ದ. ವಯಸ್ಸು ಮೂವತ್ತಾರು...

ಸುವರ್ಣಾ ಇನ್ನೂ ಅತ್ತಿರಲಿಲ್ಲ.

ಬಾಗಿಲಲ್ಲಿ ಶಾಹಿದಾ ನಿಂತಿದ್ದಳು. ಕೌದಿ ಹೊಲಿಯುವ ಹೆಂಗಸರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ.

"ಅಕ್ಕಾ, ಈಗ ಬರಬಾರದಿತ್ತು... ಆದ್ರ ನಾಳೆ ಥೀಸಿಸ್ ಕೊಡಾಕ ಕೊನೀ ದಿನ. ಐದು ವರ್ಷದ ಕೆಲಸ ಎಲ್ಲಾ ಸರ್ ಕಂಪ್ಯೂಟರಿನ್ಯಾಗ ಐತ್ರಿ. ಕಡೀ ಅಧ್ಯಾಯ ಟೈಪ್ ಆಗೇತೋ ಇಲ್ಲೋ, ಅದೂ ಗೊತ್ತಿಲ್ಲ."

ಸುವರ್ಣಾ ಕಂಪ್ಯೂಟರ್ ಆನ್ ಮಾಡಿದಳು.

ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಕಂಪ್ಯೂಟರ್ ಆಫ್ ಆಗಿ ತಾನೇ ಮತ್ತೆ ಆನ್ ಆಯಿತು. ಮತ್ತೆ ಕಪ್ಪು ಕಿಟಕಿ... ಮತ್ತೆ ಆಫ್... ಮತ್ತೆ ಆನ್...

"ಬಿಡವಾ," ಅತ್ತೆ ಒಳಗಿನಿಂದ ಅಂದರು. "ಅದಕ್ಕೂ ಅವನ ಹಠಾನ ಬಂದೈತಿ. ಹಿಡದಿದ್ದು ಬಿಡಂಗಿಲ್ಲ."

ಸುವರ್ಣಾ ರಿಪೇರಿಯವನಿಗೆ ಫೋನ್ ಮಾಡಿದಳು. "ಫಾರ್ಮ್ಯಾಟ್ ಹೊಡದ್ರ ಸರಿ ಆಗತೈತ್ರಿ ಅಕ್ಕಾರ."

"ಒಳಗಿನ ಫೈಲು?"

"ಅವು ಹೋಗತಾವ್ರಿ."

ಶಾಹಿದಾ ಬಾಯಿಗೆ ಸೆರಗು ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಸುವರ್ಣಾ ಎಂಸಿಎ ಓದಿದವಳು. ಮದುವೆಯಾದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡಳು... ಗಂಡನ ಕುರ್ಚಿ. ತಾನಾಗಿ ಓಡುವ ಯಾವುದೂ ಓಡದಂತೆ ಸೇಫ್ ಮೋಡಿನಲ್ಲಿ ಆನ್ ಮಾಡಿದಳು. ಶುರುವಿನಲ್ಲಿ ಓಡುವ ಫೈಲುಗಳನ್ನು ಹುಡುಕಿದಳು. ಒಂದೇ ಒಂದು ಇತ್ತು. ತೆರೆದಳು.

ಒಂದೊಂದೇ ಸಾಲು ಓದಿದಳು.

ಕೆಲವೇ ಸಾಲು. ಆನ್ ಆದಕೂಡಲೇ ಎಲ್ಲ ಕೆಲಸವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡು. ಡಿಸ್ಕ್ ಸಿಗದಿದ್ದರೆ ರಿಸ್ಟಾರ್ಟ್ ಮಾಡು. ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಗಂಡನದೇ ಮಾತು:

'ಸಿಗಲಿಲ್ಲ. ತಡಿ, ಮತ್ತ ನೋಡತೀನಿ.'

ಅವನೇ ಪಕ್ಕದಲ್ಲಿ ನಿಂತು ಅಂದಂತೆ ಕೇಳಿಸಿತು...

ಡಿಸ್ಕ್ ಕಿತ್ತವಳು ಅವಳೇ. ಹಾರ ಹಾಕಲು ಫೋಟೋ ಬೇಕಾಗಿತ್ತು. ಅದರಲ್ಲಿದೆ ಎಂದು ಮಣ್ಣು ಮಾಡುವ ದಿನ ಸ್ಟುಡಿಯೋಗೆ ಕೊಟ್ಟು ಕಳಿಸಿದ್ದಳು. ವಾಪಸು ಬಂದದ್ದು ಅಲಮಾರಿನಲ್ಲೇ ಉಳಿದಿತ್ತು.

ತಂದು ಕಂಪ್ಯೂಟರಿಗೆ ಜೋಡಿಸಿದಳು. ಮಾಮೂಲಿನಂತೆ ಆನ್ ಮಾಡಿದಳು. ಕಪ್ಪು ಕಿಟಕಿಯಲ್ಲಿ ಸಾಲುಗಳು ಓಡಿದವು... ಪರದೆ ತೆರೆಯಿತು!

ಥೀಸಿಸ್ ಇತ್ತು. ಕಡೆಯ ಅಧ್ಯಾಯವೂ ಇತ್ತು. ಸೇವ್ ಮಾಡಿದ ಹೊತ್ತು... ಅವನು ತೀರಿದ ದಿನ, ಬೆಳಗಿನ ಆರು ಹತ್ತು.

ಅದನ್ನು ಮುಗಿಸಿಯೇ ಅವನು ಹಾಲಿಗೆ ಹೋಗಿದ್ದ.

ಶಾಹಿದಾ ಬಿಕ್ಕಿದಳು. ಸುವರ್ಣಾ ಪರದೆಯಲ್ಲಿ ಡಿಸ್ಕಿನ ಹೆಸರು ನೋಡುತ್ತಿದ್ದಳು. ಅದರ ಹೆಸರು 'ಶಾಹಿದಾ' ಎಂದಿತ್ತು.

"ಇದು ನಿಂದಾ?"

"ಹೂಂ ಅಕ್ಕಾ. ಸರ್ ಡಿಸ್ಕ್ ಕೆಟ್ಟಿತ್ತು, ನಾನ ಕೊಟ್ಟಿದ್ದೆ. ಸತ್ತ ಮನ್ಯಾಗ ಹೆಂಗ ಕೇಳೂದು... ಇರ್ಲಿ ಬಿಡ್ರಿ. ತಗದ್ರ ಮತ್ತ ಹಂಗ ಆಗತೈತಿ."

"ಇಸಕೊಂಡಿದ್ದು ಕೊಡಬೇಕು."

ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಳು. ಆಮೇಲೆ ಮತ್ತೆ ಆ ಫೈಲ್ ತೆರೆದಳು. ಅವನು ಬರೆದದ್ದನ್ನು ಅಳಿಸಲು ಬೆರಳು ಏಳಲಿಲ್ಲ... ಬಹಳ ಹೊತ್ತು ಏಳಲಿಲ್ಲ.

ಕೊನೆಗೆ ಅವನ ಮಾತನ್ನು ಅಲ್ಲೇ ಬಿಟ್ಟು, ಅದರ ಕೆಳಗಿನ ರಿಸ್ಟಾರ್ಟ್ ಎಂಬ ಆಜ್ಞೆಯನ್ನು ಮಾತ್ರ ತೆಗೆದಳು. ಅಲ್ಲಿ ತನ್ನದೊಂದು ಸಾಲು ಬರೆದಳು: ಸಿಗದಿದ್ದರೂ ಮುಂದ ಹೋಗು.

ಡಿಸ್ಕ್ ತೆಗೆದು ಆನ್ ಮಾಡಿದಳು. ಕಪ್ಪು ಕಿಟಕಿ ಒಮ್ಮೆ ಬಂತು, ಹೋಯಿತು. ಪರದೆ ತೆರೆಯಿತು.

ಆಗ ಅತ್ತಳು... ಹನ್ನೆರಡು ದಿನದ ಅಳು.

ಆಮೇಲೆ ಮುಖ ಒರೆಸಿಕೊಂಡು, ವೈರು ಸುತ್ತಿ, ಡಿಸ್ಕನ್ನು ಶಾಹಿದಾಳ ಎರಡೂ ಕೈಯಲ್ಲಿ ಇಟ್ಟಳು.

*ಹೋದವರನ್ನು ಮರೆಯಬೇಕಿಲ್ಲ... ಅವರು ಸಿಗಲಿಲ್ಲವೆಂದು ಪ್ರತಿ ಬೆಳಗೂ ನಿಂತುಹೋಗುವುದನ್ನು ಬಿಟ್ಟರೆ ಸಾಕು.*

ನೀವು ಯಾವ ಸಾಲಿನಲ್ಲಿ ನಿಂತು, ಮತ್ತೆ ಮತ್ತೆ ಶುರುವಾಗುತ್ತಿದ್ದೀರಿ?