ಅಣ್ಣನಿಗೆ ಜಾಗ

ಶವ ಹೊತ್ತ ವಾಹನ ಖಾನಾಪುರ ದಾಟಿ ಊರ ಹೊಲಕ್ಕೆ ಬಂದಾಗ ಮಾಯಕ್ಕ ದಾರಿಗೆ ಅಡ್ಡ ನಿಂತಿದ್ದಳು. ಒಳಗೆ ಮಲಗಿದ್ದದ್ದು ಅವಳ ಅಣ್ಣ, ನಾಡಿಗೆಲ್ಲ ಹೆಸರಾದ ಕಾದಂಬರಿಕಾರ ಭರಮಪ್ಪ. ತಂಗಿಯ ಪಾಲಿನ ಹೊಲದಲ್ಲಿ, ಮಾವಿನ ಮರದ ಬುಡದಲ್ಲೇ ತಮ್ಮನ್ನು ಮಣ್ಣು ಮಾಡಬೇಕೆಂದು ಅವರು ಸಾಯುವ ಮುನ್ನ ಎಲ್ಲರಿಗೂ ಹೇಳಿದ್ದರು. ತಂಗಿಗೆ ಮಾತ್ರ ಹೇಳಿರಲಿಲ್ಲ.

ಭರಮಪ್ಪನವರ ಮಗಳು ಮಾಲಾ ವಾಹನದಿಂದ ಕೆಳಗಿಳಿದಳು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಬೆಳೆದ ಅವಳು ಈ ಸೋದರತ್ತೆಯನ್ನು ಕಂಡದ್ದೇ ಅಪರೂಪ. ಅಪ್ಪ ಊರಿನ ಬಗ್ಗೆ ಬರೆಯುತ್ತಿದ್ದರು, ಊರಿಗೆ ಹೋಗುತ್ತಿರಲಿಲ್ಲ.

“ಅತ್ತಿ, ಇದು ಅಪ್ಪಾರ ಕಡೀ ಆಸೆ ರೀ.”

“ಅವನ ಮೊದಲನೇ ಪುಸ್ತಕಾ ಓದಿಯೇನ?”

ಓದಿದ್ದಳು. ಕಾಲೇಜಿನಲ್ಲಿ ಅದು ಪಠ್ಯವಾಗಿತ್ತು. ಕುರಿ ಕಾಯುವ ಹುಡುಗಿಯೊಬ್ಬಳು ಫಾರೆಸ್ಟ್ ಗಾರ್ಡಿನಿಂದ ಬಸಿರಾಗಿ ಬಾವಿಗೆ ಹಾರುತ್ತಾಳೆ. ವಿಮರ್ಶಕರು ಆ ಸಾವನ್ನು ಬಹಳ ಸಹಜವಾಗಿದೆ ಎಂದು ಹೊಗಳಿದ್ದರು. ಹುಡುಗಿಯ ಹೆಸರು ಮಾಯಕ್ಕ. ತಂಗಿಯ ಮೇಲಿನ ಪ್ರೀತಿಗೆ ಅಪ್ಪ ಆ ಹೆಸರಿಟ್ಟಿರಬೇಕೆಂದು ಮಾಲಾ ಅಂದುಕೊಂಡಿದ್ದಳು.

“ಯಾ ಗಾರ್ಡನ ಮಾರೀನೂ ನಾ ನೋಡಿಲ್ಲ,” ಎಂದಳು ಮಾಯಕ್ಕ. “ಬಾವಿಗಂತೂ ಬಿದ್ದಿಲ್ಲ, ನಿನಗ ಕಾಣತೈತಲ್ಲ. ಆದ್ರ ಮಂದಿ ಪುಸ್ತಕಾನ ಖರೇ ಅಂತ ತಿಳದ್ರು. ನನ್ನ ನೋಡಾಕ ಬರೂ ಗಂಡಿನ ಮನಿಯವ್ರು ಖಾನಾಪುರದಾಗ ಬಸ್ ಇಳದು ಹಂಗ ತಿರುಗಿ ಹೋದ್ರು. ನನಗ ಲಗ್ನ ಆಗಲಿಲ್ಲ. ಅವಗ ಪ್ರಶಸ್ತಿ ಬಂತು.”

ಟಿಳಕವಾಡಿಯ ಶ್ರದ್ಧಾಂಜಲಿ ಸಭೆಯಲ್ಲಿ ಬೆಳಿಗ್ಗೆಯೇ ಎರಡು ಭಾಷಣ ಮಾಡಿ ಬಂದಿದ್ದ ಸಾಹಿತ್ಯ ಸಂಘದ ಕಲ್ಮೇಶ ಮುಂದೆ ಬಂದರು.

“ಯವ್ವಾ, ಕಾದಂಬರಿ ಅಂದ್ರ ಕಲ್ಪನಾ ರೀ.”

“ಹೌದ್ರಿ? ಅದನ್ನ ಆವಾಗ ಬಂದು ಆ ಮಂದಿಗೆ ಹೇಳಬೇಕಿತ್ರಿ.”

ಕಲ್ಮೇಶ ವಾಹನದ ನೆರಳಿಗೆ ಸರಿದರು.

ಮಾಲಾ ಅತ್ತೆಯ ಹತ್ತಿರ ಬಂದಳು. “ನನಗ ಇದು ಗೊತ್ತಿರಲಿಲ್ಲ ರೀ ಅತ್ತಿ. ನೀವು ಬ್ಯಾಡ ಅಂದ್ರ ವಾಪಸ್ ಬೆಳಗಾವಿಗೆ ಒಯ್ತೀವಿ.”

ಮಾಯಕ್ಕ ವಾಹನದ ಬಳಿ ಹೋಗಿ, ಗಾಜಿಗೆ ಹಣೆ ಹಚ್ಚಿ ಒಳಗೆ ಬಹಳ ಹೊತ್ತು ನೋಡಿದಳು.

“ಎಷ್ಟ ಸೊರಗ್ಯಾನ,” ಎಂದಳು. ಆಮೇಲೆ ದಾರಿ ಬಿಟ್ಟಳು. “ಮರದ ಬುಡಕ ಬ್ಯಾಡ, ಅಲ್ಲಿ ಕುರಿ ಮಲಗತಾವ. ಆ ಮೂಲ್ಯಾಗ ನಮ್ಮ ಅವ್ವನ ಮಣ್ಣ ಐತಿ, ಅಕಿ ಬಾಜು ಇಡ್ರಿ. ಅಕಿಗೆ ಉತ್ತರ ಕೊಡ್ಲಿ.”

ಗುಂಡಿ ತೋಡಿದರು. ಭರಮಪ್ಪನವರನ್ನು ಇಳಿಸಿದರು. ಕಲ್ಮೇಶ ಮೂರನೆಯ ಭಾಷಣ ಮಾಡಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಮಾಯಕ್ಕ ಮಾಲಾಳ ಪಕ್ಕ ಬಂದು ನಿಂತಳು.

“ನಿನ್ನ ಬಗ್ಗೆ ಏನರ ಬರದಾನೇನ?”

“ಇಲ್ರಿ ಅತ್ತಿ. ಒಂದ ಸಾಲೂ ಇಲ್ಲ.”

“ಹಂಗಾದ್ರ ನೀ ಅಳವ್ವ,” ಎಂದು ಮಾಯಕ್ಕ ಬಾಗಿ ಬೊಗಸೆ ಮಣ್ಣು ಎತ್ತಿಕೊಂಡಳು.